ಶುರುವಿನ ಫ್ರೆಂಚ್ ಮುಗಿಯಿತು, ಮುಂದೇನು? ವಿಶ್ವವಿದ್ಯಾಲಯದ ಫ್ರೆಂಚ್ ಓದು ಒಳಗಿನಿಂದ ಹೇಗಿರುತ್ತದೆ

ಫ್ರೆಂಚ್ ಕಲಿಕೆಯ ಮೊದಲ ವರ್ಷ ಬಹಳ ಜನರಿಗೆ ಖುಷಿ ಕೊಡುತ್ತದೆ. ನಿನ್ನೆ ಬಾರದ ವಾಕ್ಯ ಇವತ್ತು ಬರುತ್ತದೆ. ಹೆಸರು ಹೇಳುವುದು, ದಾರಿ ಕೇಳುವುದು, ಟಿಕೆಟ್ ಕೊಳ್ಳುವುದು ಎಲ್ಲ ಸಲೀಸಾಗುತ್ತದೆ. ಆಮೇಲೆ ವಿಶ್ವವಿದ್ಯಾಲಯದಲ್ಲಿ ಮುಂದಿನ ಹಂತಕ್ಕೆ ಸೇರಿದಾಗ ಬಂಡಿ ಇದ್ದಕ್ಕಿದ್ದಂತೆ ನಿಂತುಹೋದ ಹಾಗೆ ಅನಿಸುತ್ತದೆ. ತಿಂಗಳುಗಟ್ಟಲೆ ಕಷ್ಟಪಟ್ಟರೂ ಎಲ್ಲಿದ್ದೆವೋ ಅಲ್ಲೇ ಇದ್ದೇವೆ ಎಂಬ ಭಾವನೆ. ಬುದ್ಧಿವಂತ ವಿದ್ಯಾರ್ಥಿಗಳೂ ಇಲ್ಲೇ ಕೈಚೆಲ್ಲುತ್ತಾರೆ. ಅವರ ಓದಿನಲ್ಲಿ ಕೊರತೆ ಇರುವುದಿಲ್ಲ. ಕಲಿಯುತ್ತಿರುವ ವಿಷಯವೇ ಬದಲಾಗಿದೆ ಎಂದು ಯಾರೂ ಹೇಳಿರುವುದಿಲ್ಲ, ಅಷ್ಟೇ.

ಬದಲಾವಣೆ ಏನು? ಶುರುವಿನಲ್ಲಿ ಕೇಳುತ್ತಿದ್ದ ಪ್ರಶ್ನೆ "ಇದು ಸರಿಯೋ ತಪ್ಪೋ?" ಎಂಬುದು. ಈಗಿನ ಪ್ರಶ್ನೆ ಬೇರೆ: "ಎರಡೂ ಸರಿ ಇದ್ದಾಗ, ಬರೆದವರು ಇದನ್ನೇ ಯಾಕೆ ಆರಿಸಿಕೊಂಡರು?" ವ್ಯಾಕರಣ, ಬರವಣಿಗೆ, ಸಾಹಿತ್ಯ, ಅನುವಾದ ಯಾವ ತರಗತಿಯಲ್ಲಿ ಕೂತರೂ ಕೊನೆಗೆ ಬರುವುದು ಈ ಪ್ರಶ್ನೆಗೇ.

ಮೊದಲು ಹಂತಗಳ ಲೆಕ್ಕ ನೋಡೋಣ. ಯಾರಿಗೆ ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಆರು ಮೆಟ್ಟಿಲುಗಳಿವೆ: ಎ1, ಎ2, ಬಿ1, ಬಿ2, ಸಿ1, ಸಿ2. ಎ1, ಎ2 ಶುರುವಿನವು. ಬಿ1ರಲ್ಲಿ ಪರಿಚಿತ ವಿಷಯಗಳ ಬಗ್ಗೆ ಸ್ವಂತವಾಗಿ ಮಾತಾಡಬಹುದು, ನಡೆದದ್ದನ್ನು ಹೇಳಬಹುದು. ಬಿ2 ಅಂದರೆ ಒಂದು ಅಭಿಪ್ರಾಯ ಹಿಡಿದು ಅದಕ್ಕೆ ಕಾರಣ ಕೊಟ್ಟು ವಾದಿಸುವ ಶಕ್ತಿ. ಸಿ1ರಲ್ಲಿ ಉದ್ದದ, ಕಷ್ಟದ ಬರಹದಲ್ಲಿ ನೇರವಾಗಿ ಹೇಳದೆ ಬಿಟ್ಟದ್ದೂ ಅರ್ಥವಾಗಬೇಕು. ಈ ಮೆಟ್ಟಿಲುಗಳು ಒಂದೇ ಎತ್ತರದವಲ್ಲ. ಮೇಲೆ ಹೋದಂತೆ ಒಂದೊಂದಕ್ಕೂ ಹಿಂದಿನದಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ.

ಯಾಕೆ ಹೀಗೆ ಎನ್ನುವುದಕ್ಕೆ ಪದಗಳ ಲೆಕ್ಕದಲ್ಲೇ ಉತ್ತರವಿದೆ. 1950ರ ದಶಕದಲ್ಲಿ ಫ್ರಾನ್ಸಿನ ಭಾಷಾತಜ್ಞ ಜಾರ್ಜ್ ಗೂಗೆನೈಮ್ ಮತ್ತು ಅವರ ತಂಡ ಜನರ ಮಾತುಕತೆಯನ್ನು ರೆಕಾರ್ಡ್ ಮಾಡಿ, ಯಾವ ಪದ ಎಷ್ಟು ಸಲ ಬರುತ್ತದೆ ಎಂದು ಎಣಿಸಿತು. ಅದರಿಂದ ಹುಟ್ಟಿದ್ದು 'ಫ್ರಾಂಸೆ ಫೋಂದಮಾಂತಾಲ್', ಅಂದರೆ ಬುನಾದಿ ಫ್ರೆಂಚ್. ಮೊದಲ ಹಂತದ ಪಟ್ಟಿಯಲ್ಲಿ ಇದ್ದದ್ದು ಸುಮಾರು 1,500 ಪದ. ದಿನನಿತ್ಯದ ಮಾತಿನ ಬಹುಪಾಲನ್ನು ಈ ಸಣ್ಣ ಗುಂಪೇ ಹೊತ್ತು ನಡೆಸುತ್ತದೆ. ಅದಕ್ಕೇ ಮೊದಲ ವರ್ಷ ಕಲಿತ ಪ್ರತಿ ಪದವೂ ಮರುದಿನವೇ ಕೆಲಸಕ್ಕೆ ಬರುತ್ತದೆ. ಆ ಗುಂಪು ಮುಗಿದ ಮೇಲೆ ಉಳಿದ ಸಾವಿರಾರು ಪದಗಳು ಒಂದೊಂದೂ ಅಪರೂಪಕ್ಕೆ ಎದುರಾಗುತ್ತವೆ. ಇವತ್ತು ಕಲಿತ ಪದ ಮತ್ತೆ ಕಣ್ಣಿಗೆ ಬೀಳುವ ಹೊತ್ತಿಗೆ ಮರೆತೇ ಹೋಗಿರುತ್ತದೆ. ಕಲಿಕೆ ನಿಂತಿರುವುದಿಲ್ಲ, ಅದರ ಫಲ ಕಣ್ಣಿಗೆ ಕಾಣುವುದು ತಡವಾಗುತ್ತದೆ.

ಇದಕ್ಕೆ ಪರಿಹಾರವೂ ಇದೇ ಲೆಕ್ಕದಲ್ಲಿದೆ. ಸಿಕ್ಕಸಿಕ್ಕದ್ದನ್ನೆಲ್ಲ ಓದುವ ಬದಲು ಒಂದೇ ವಿಷಯವನ್ನು ಕೆಲವು ವಾರ ಬಿಡದೆ ಓದಬೇಕು. ನೀರಿನ ಸಮಸ್ಯೆಯೋ, ಫುಟ್‌ಬಾಲೋ, ಸಿನಿಮಾ ಇತಿಹಾಸವೋ ಯಾವುದಾದರೂ ಆಗಲಿ. ಒಂದೇ ವಿಷಯದ ಬರಹಗಳಲ್ಲಿ ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ, ಅಪರೂಪದ ಪದವೂ ಆ ಸಮಯಕ್ಕೆ ದಿನಬಳಕೆಯ ಪದವಾಗುತ್ತದೆ. ಪದಪಟ್ಟಿ ಉರುಹೊಡೆಯುವುದಕ್ಕಿಂತ ಇದು ಎಷ್ಟೋ ಮೇಲು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ವ್ಯಾಕರಣ: ನಿಯಮ ಮುಗಿದು ಆಯ್ಕೆ ಶುರುವಾಗುವ ಜಾಗ

ಎರಡು ಭೂತಕಾಲಗಳನ್ನು ತೆಗೆದುಕೊಳ್ಳಿ. (ಫ್ರೆಂಚ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಉಚ್ಚಾರ ಅಂದಾಜಿನದು, ಅದು ನೆನಪಿರಲಿ.) ಮುಗಿದ ಕೆಲಸಕ್ಕೆ 'ಪಾಸೆ ಕೊಂಪೋಸೆ', ನಡೆಯುತ್ತಿದ್ದ ಅಥವಾ ರೂಢಿಯಾಗಿದ್ದ ಕೆಲಸಕ್ಕೆ 'ಎಂಪಾರ್ಫೆ'. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಒದ್ದಾಡುತ್ತಾರೆ. ಕನ್ನಡದವರಿಗೆ ಇದು ಅಷ್ಟು ಕಷ್ಟ ಆಗಬಾರದು. "ಅವಳು ಬಂದಾಗ ಮಳೆ ಬರುತ್ತಿತ್ತು" ಎನ್ನುವುದಕ್ಕೂ "ಅವಳು ಬಂದಾಗ ಮಳೆ ಬಂತು" ಎನ್ನುವುದಕ್ಕೂ ಇರುವ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 'ಬರುತ್ತಿತ್ತು' ಇದ್ದ ಕಡೆ ಎಂಪಾರ್ಫೆ, 'ಬಂತು' ಇದ್ದ ಕಡೆ ಪಾಸೆ ಕೊಂಪೋಸೆ. ಬಹಳಷ್ಟು ವಾಕ್ಯಗಳಿಗೆ ಈ ಅಳತೆ ಸಾಕು.

ಆದರೆ ಮುಂದಿನ ಹಂತದಲ್ಲಿ ಇಂಥ ವಾಕ್ಯ ಎದುರಾಗುತ್ತದೆ: "1821ರ ಮೇ 5ರಂದು ನೆಪೋಲಿಯನ್ ಸೇಂಟ್ ಹೆಲೆನಾದಲ್ಲಿ ತೀರಿಕೊಂಡ." ಸಾವು ಒಂದೇ ಸಲ ಆಗಿ ಮುಗಿದದ್ದು, ತಾರೀಖು ಕೂಡ ಇದೆ. ಕಲಿತ ನಿಯಮದ ಪ್ರಕಾರ ಮುಗಿದ ಭೂತಕಾಲ ಬರಬೇಕು. ಫ್ರೆಂಚ್ ಇತಿಹಾಸ ಬರಹಗಳಲ್ಲಿ, ಪತ್ರಿಕೆಗಳಲ್ಲಿ ಇಂಥ ಕಡೆ ಎಂಪಾರ್ಫೆ ಬಳಸುವುದುಂಟು: "ನಪೋಲೆಯೋಂ ಮೂರೆ." ಪದಕ್ಕೆ ಪದ ಇಟ್ಟರೆ "ಸಾಯುತ್ತಿದ್ದ" ಆಗುತ್ತದೆ. ಕನ್ನಡದಲ್ಲಿ ಹಾಗಂದರೆ ಇನ್ನೂ ಜೀವ ಇತ್ತು ಎಂದಾಗುತ್ತದೆ. ಫ್ರೆಂಚ್‌ನಲ್ಲಿ ಸತ್ತದ್ದು ಖಚಿತ. ಹಾಗಾದರೆ ಎಂಪಾರ್ಫೆ ಯಾಕೆ? ಆ ರೂಪ ಘಟನೆಯನ್ನು ಹೊರಗಿನಿಂದ ಒಂದು ಚುಕ್ಕೆಯ ಹಾಗೆ ತೋರಿಸುವುದಿಲ್ಲ. ಓದುಗರನ್ನು ಆ ಗಳಿಗೆಯ ಒಳಗೆ ಕರೆದುಕೊಂಡು ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಇದಕ್ಕೆ 'ಎಂಪಾರ್ಫೆ ನಾರಾತಿಫ್' ಎಂಬ ಹೆಸರೂ ಇದೆ. ಶುರುವಿನ ತರಗತಿಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಕೆಂಪು ಗೆರೆ ಬೀಳುತ್ತಿತ್ತು. ಈಗ ಇದರ ಮೇಲೆ ಒಂದು ಪುಟ ಬರೆಯಬೇಕು.

ಸಬ್ಜಂಕ್ಟಿವ್ ಎಂಬ ಕ್ರಿಯಾಪದ ರೂಪದ ಕಥೆಯೂ ಇದೇ ಥರ. ಅದರ ಹೆಸರು ಕೇಳಿದರೇ ವಿದ್ಯಾರ್ಥಿಗಳು ಹೆದರುತ್ತಾರೆ. ನಮ್ಮ ಮಾತಿನಲ್ಲೂ ಅದಕ್ಕೆ ಹತ್ತಿರದ ಒಂದು ರೂಪ ಇದೆ, ಅಲ್ವಾ? "ಅವನು ಬರುತ್ತಾನೆ" ಎನ್ನುವುದು ಸುದ್ದಿ. "ಅವನು ಬರಲಿ" ಎನ್ನುವುದು ಆಸೆ. ಫ್ರೆಂಚ್‌ನಲ್ಲಿ "ಇಲ್ ವಿಯಾಂ" ಸುದ್ದಿ, "ಅವನು ಬರಲಿ ಅಂತ ನನ್ನಾಸೆ" ಎನ್ನುವಾಗ ಕ್ರಿಯಾಪದ "ವಿಯೆನ್" ಆಗುತ್ತದೆ. ಇಷ್ಟು ಹಿಡಿದುಕೊಂಡರೆ ಅರ್ಧ ಭಯ ಹೋಗುತ್ತದೆ.

ಆದರೆ 'ಬರಲಿ'ಯನ್ನೇ ನಂಬಿ ಕೂತರೆ ಮುಂದೆ ಎಡವುತ್ತೀರಿ. ಖುಷಿ, ಬೇಸರ, ಆಶ್ಚರ್ಯ ಹೇಳುವಾಗಲೂ ಫ್ರೆಂಚ್ ಈ ರೂಪ ಕೇಳುತ್ತದೆ. "ಅವನು ಬಂದದ್ದು ನನಗೆ ಖುಷಿ" ಎಂಬಲ್ಲಿ ಅವನು ಬಂದಾಗಿದೆ, ಆಸೆಯೇನೂ ಉಳಿದಿಲ್ಲ, ಆದರೂ ಸಬ್ಜಂಕ್ಟಿವ್ ಬೇಕು. ಅದೇ 'ಎಸ್ಪೆರೆ', ಅಂದರೆ ಭರವಸೆ ಇಟ್ಟುಕೊಳ್ಳುವ ಕ್ರಿಯಾಪದದ ಜೊತೆ ಸಾಮಾನ್ಯವಾಗಿ ಸಬ್ಜಂಕ್ಟಿವ್ ಬರುವುದಿಲ್ಲ. ಇವನ್ನು ಒಂದೊಂದಾಗಿ ಕಲಿಯಲೇಬೇಕು, ಬೇರೆ ದಾರಿ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇನ್ನೊಂದು ಬಳಕೆ. "ಕೈತೋಟ ಇರುವ ಮನೆ ಹುಡುಕುತ್ತಿದ್ದೇನೆ" ಎಂಬ ಕನ್ನಡ ವಾಕ್ಯ ಒಂದೇ. ಫ್ರೆಂಚ್‌ನಲ್ಲಿ ಅದನ್ನು ಎರಡು ಥರ ಹೇಳಬಹುದು. 'ಇರುವ' ಎಂಬುದಕ್ಕೆ ಸಾಮಾನ್ಯ ರೂಪವಾದ 'ಆ' ಬಳಸಿದರೆ, ಅಂಥ ಒಂದು ಮನೆ ಇದೆ, ನನಗೆ ಗೊತ್ತು, ಅದರ ವಿಳಾಸ ಹುಡುಕುತ್ತಿದ್ದೇನೆ ಎಂದರ್ಥ. ಸಬ್ಜಂಕ್ಟಿವ್ ಆದ 'ಎ' ಬಳಸಿದರೆ, ಅಂಥ ಮನೆ ಸಿಗುತ್ತೋ ಇಲ್ಲವೋ ಗೊತ್ತಿಲ್ಲ, ಸಿಕ್ಕರೆ ಒಳ್ಳೆಯದು ಎಂದರ್ಥ. ಒಂದೇ ಒಂದು ಸ್ವರ ಬದಲಾಗಿ ಮನೆ ಇರುವುದೇ ಅನುಮಾನವಾಯಿತು. ಇಲ್ಲಿ ಎರಡೂ ವಾಕ್ಯ ಸರಿ. ಪರೀಕ್ಷೆಯಲ್ಲಿ ಖಾಲಿ ಜಾಗ ತುಂಬಿಸಿ ಎಂದರೆ ಯಾವುದು ತುಂಬಿಸಬೇಕು ಎಂಬುದಕ್ಕೆ ಉತ್ತರ ಹೇಳುವವರ ಮನಸ್ಸಿನಲ್ಲಿದೆ, ನಿಯಮದ ಪುಸ್ತಕದಲ್ಲಿಲ್ಲ.

ಬರವಣಿಗೆ: ಫ್ರೆಂಚ್‌ನಲ್ಲಿ ವಾದ ಮಾಡುವುದು

ವಿದ್ಯಾರ್ಥಿಗಳಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲಿ. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲದ ಪ್ರಬಂಧಕ್ಕೆ ಕಮ್ಮಿ ಅಂಕ ಬರುತ್ತದೆ. ಕಾರಣ, ಫ್ರೆಂಚ್ ಶಿಕ್ಷಣದಲ್ಲಿ ಬರವಣಿಗೆಗೆ ತನ್ನದೇ ಕಟ್ಟುಪಾಡು ಇದೆ. 'ದಿಸೆರ್ತಾಸಿಯೋಂ' ಎಂಬ ಪ್ರಬಂಧವನ್ನೇ ನೋಡಿ. ಕೊಟ್ಟ ವಿಷಯದ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆದರೆ ಆಗುವುದಿಲ್ಲ. ಮೊದಲು ಆ ವಿಷಯದ ಒಳಗಿರುವ ತೊಡಕನ್ನು ಹುಡುಕಿ ಪ್ರಶ್ನೆಯಾಗಿ ಇಡಬೇಕು. ಇದನ್ನು 'ಪ್ರೊಬ್ಲೆಮಾತೀಕ್' ಎನ್ನುತ್ತಾರೆ. ಪೀಠಿಕೆಯಲ್ಲೇ ಮುಂದೆ ಯಾವ ದಾರಿಯಲ್ಲಿ ಹೋಗುತ್ತೇನೆ ಎಂದು ಹೇಳಿಬಿಡಬೇಕು. ಆಮೇಲೆ ಒಂದು ನಿಲುವು, ಅದಕ್ಕೆ ಎದುರು ನಿಲುವು, ಕೊನೆಗೆ ಎರಡನ್ನೂ ದಾಟುವ ಮೂರನೆಯದು. ಈ ಮೂರನೆಯ ಭಾಗದಲ್ಲೇ ಬಹಳ ಜನ ಸೋಲುತ್ತಾರೆ. "ಎರಡೂ ಸ್ವಲ್ಪ ಸ್ವಲ್ಪ ಸರಿ" ಎಂದು ಬರೆದು ಮುಗಿಸುತ್ತಾರೆ. ಬೇಕಾದದ್ದು ರಾಜಿ ಅಲ್ಲ. ಮೊದಲಿನ ಎರಡು ನಿಲುವುಗಳು ಯಾವ ಊಹೆಯ ಮೇಲೆ ನಿಂತಿದ್ದವು ಎಂದು ತೋರಿಸಿ, ಪ್ರಶ್ನೆಯನ್ನೇ ಇನ್ನೂ ಚೂಪು ಮಾಡುವುದು.

ಈ ಥರ ವಾದ ಕಟ್ಟಲು ವಾಕ್ಯಗಳ ನಡುವಿನ ಕೊಂಡಿ ಪದಗಳು ಸರಿಯಾಗಿ ಬರಬೇಕು. ಶುರುವಿನಲ್ಲಿ 'ಮೆ', ಅಂದರೆ 'ಆದರೆ' ಒಂದರಲ್ಲೇ ಕಾಲ ಹಾಕಬಹುದು. ಈಗ 'ಸೆರ್ತ್', ಅಂದರೆ 'ನಿಜ' ಎಂದು ಶುರುಮಾಡಿ ಎದುರಿನವರ ಮಾತನ್ನು ಒಪ್ಪಿಕೊಂಡು, ಆಮೇಲೆ 'ಮೆ' ಹಾಕಿ ತಿರುಗಿಸಬೇಕು. 'ಓರ್' ಎಂಬ ಪುಟ್ಟ ಪದ ಇನ್ನೂ ಸೂಕ್ಷ್ಮ. ಎಲ್ಲ ಮನುಷ್ಯರಿಗೂ ಸಾವಿದೆ, 'ಓರ್' ಸಾಕ್ರಟೀಸ್ ಮನುಷ್ಯ, ಹಾಗಾಗಿ ಸಾಕ್ರಟೀಸನಿಗೂ ಸಾವಿದೆ. ವಾದದ ದಿಕ್ಕು ನಿರ್ಧರಿಸುವ ಹೊಸ ಸಂಗತಿಯನ್ನು ಮಧ್ಯದಲ್ಲಿ ತಂದಿಡುವುದು ಅದರ ಕೆಲಸ. 'ಆನ್ ಎಫೆ' ಎಂಬುದನ್ನು ಅಲಂಕಾರಕ್ಕೆ ಸುಮ್ನೆ ತುರುಕುವವರು ಜಾಸ್ತಿ. ಅದು ಬಂದರೆ ಹಿಂದಿನ ವಾಕ್ಯಕ್ಕೆ ಈಗ ಆಧಾರ ಕೊಡುತ್ತೇನೆ ಎಂದರ್ಥ. ಆಧಾರ ಕೊಡದೆ ಆ ಪದ ಬಳಸಿದರೆ ಓದುವವರಿಗೆ ಕೊಟ್ಟ ಮಾತು ತಪ್ಪಿದ ಹಾಗೆ.

ಸಾಹಿತ್ಯ ತರಗತಿಯಲ್ಲಿ ಇದರ ಜೊತೆಗೆ 'ಎಕ್ಸ್‌ಪ್ಲಿಕಾಸಿಯೋಂ ದ ತೆಕ್ಸ್ತ್' ಬರುತ್ತದೆ. 20ನೇ ಶತಮಾನದ ಶುರುವಿನಲ್ಲಿ ವಿಮರ್ಶಕ ಗುಸ್ತಾವ್ ಲಾನ್ಸೋಂ ಬೇರೂರಿಸಿದ ಪದ್ಧತಿ ಇದು. ಒಂದು ಪುಟವನ್ನೋ ಒಂದು ಪದ್ಯವನ್ನೋ ಕೊಡುತ್ತಾರೆ. ಸಾಲು ಸಾಲಾಗಿ ಹೋಗಬೇಕು. ಲೇಖಕರ ಜೀವನಚರಿತ್ರೆ ಹೇಳಿದರೆ ಅಂಕ ಬರುವುದಿಲ್ಲ, ಕಥೆಯ ಸಾರಾಂಶ ಹೇಳಿದರಂತೂ ಇನ್ನೂ ಕಷ್ಟ. ಈ ಕಾಲರೂಪ ಯಾಕೆ, ಈ ವಾಕ್ಯ ಇಷ್ಟು ಗಿಡ್ಡ ಯಾಕೆ, ಈ ವಿಶೇಷಣ ನಾಮಪದಕ್ಕಿಂತ ಮೊದಲು ಯಾಕೆ ಬಂತು ಎಂದು ಕೇಳುತ್ತಾ ಹೋಗಬೇಕು. ನೆಪೋಲಿಯನ್ ವಾಕ್ಯದಲ್ಲಿ ನಾವು ಮಾಡಿದ್ದು ಇದನ್ನೇ. ವ್ಯಾಕರಣ ತರಗತಿಯೂ ಸಾಹಿತ್ಯ ತರಗತಿಯೂ ಬೇರೆ ಬೇರೆ ಎಂದುಕೊಂಡವರು ಇಲ್ಲಿ ಎರಡೂ ಒಂದೇ ಎಂದು ಕಂಡುಕೊಳ್ಳುತ್ತಾರೆ.

ಅನುವಾದದಲ್ಲಿ ಎರಡು ಥರ. ಫ್ರೆಂಚ್‌ನಿಂದ ನಿಮ್ಮ ಭಾಷೆಗೆ ತಂದರೆ 'ವೆರ್ಸಿಯೋಂ', ನಿಮ್ಮ ಭಾಷೆಯಿಂದ ಫ್ರೆಂಚ್‌ಗೆ ಒಯ್ದರೆ 'ತೆಮ್'. ತರಗತಿಯಲ್ಲಿ ಇಂಗ್ಲಿಷ್ ಕೇಳಿದರೂ ಮನೆಯಲ್ಲಿ ಕನ್ನಡಕ್ಕೆ ತಂದು ನೋಡಿ. ಫ್ರೆಂಚ್‌ನಲ್ಲಿ ನಾಮಪದ ಮೊದಲು ಬಂದು, ಅದರ ವಿವರ ಹಿಂದಿನಿಂದ ಬಾಲದ ಹಾಗೆ ಬೆಳೆಯುತ್ತದೆ. ಕನ್ನಡದಲ್ಲಿ "ನಿನ್ನೆ ಅವಳು ಓದಿದ ಪುಸ್ತಕ" ಎಂದು ವಿವರವೇ ಮುಂದೆ. ಹೀಗಾಗಿ ಉದ್ದದ ಫ್ರೆಂಚ್ ವಾಕ್ಯವನ್ನು ಕನ್ನಡಕ್ಕೆ ತರಲು ಅದನ್ನು ಪೂರ್ತಿ ಬಿಚ್ಚಲೇಬೇಕು. ಯಾವ ತುಂಡು ಯಾವುದಕ್ಕೆ ಅಂಟಿದೆ ಎಂದು ಗೊತ್ತಿಲ್ಲದಿದ್ದರೆ ಬಿಚ್ಚಲು ಆಗುವುದಿಲ್ಲ. ಇಂಗ್ಲಿಷ್‌ನಲ್ಲಿ ಪದಗಳನ್ನು ಅದೇ ಸಾಲಿನಲ್ಲಿ ಇಟ್ಟುಕೊಂಡು ಅರ್ಥವಾಗದ್ದನ್ನೂ ದಾಟಿಸಿಬಿಡಬಹುದು. ಕನ್ನಡ ಅದಕ್ಕೆ ಬಿಡುವುದಿಲ್ಲ.

ಕಿವಿಯ ಕೆಲಸ

ಓದಲು ಬರುವ ವಾಕ್ಯವೇ ಕೇಳಿದಾಗ ಅರ್ಥವಾಗುವುದಿಲ್ಲ. ಇದು ಎಲ್ಲರ ದೂರು. "ನನಗೆ ಗೊತ್ತಿಲ್ಲ" ಎಂಬುದನ್ನು ಪುಸ್ತಕದ ಪ್ರಕಾರ "ಜ಼ ನ ಸೆ ಪಾ" ಎನ್ನಬೇಕು. ಮಾತಿನಲ್ಲಿ ನಿಷೇಧದ 'ನ' ಬಿದ್ದುಹೋಗುತ್ತದೆ, ಉಳಿದದ್ದು ಒತ್ತಿಕೊಂಡು "ಶೆ ಪಾ" ಆಗುತ್ತದೆ. 'ಇದೆ' ಎಂಬ ಅರ್ಥದ "ಇಲ್ ಇ ಆ" ಬರೀ "ಯಾ" ಆಗುತ್ತದೆ. 'ನಾವು' ಎನ್ನುವುದಕ್ಕೆ ಪುಸ್ತಕದ 'ನೂ' ಬಿಟ್ಟು 'ಓಂ' ಬಳಸುತ್ತಾರೆ. ಇನ್ನೊಂದು ಕಡೆ, 'ಪಾಸೆ ಸ್ಯಾಂಪ್ಲ್' ಎಂಬ ಭೂತಕಾಲ ಕಥೆ ಕಾದಂಬರಿಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಮಾತಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬರೆಯುವ ಕನ್ನಡವೇ ಬೇರೆ, ಆಡುವ ಕನ್ನಡವೇ ಬೇರೆ ಎಂಬುದನ್ನು ಬಲ್ಲ ನಮಗೆ ಇದು ಹೊಸತೇನಲ್ಲ. 'ನೀನು', 'ನೀವು' ವ್ಯತ್ಯಾಸವೂ 'ತ್ಯು', 'ವೂ' ಎಂದು ಅಲ್ಲಿದೆ.

ಇದಕ್ಕೆ ಅಭ್ಯಾಸ ಒಂದೇ. ಹಿನ್ನೆಲೆಯಲ್ಲಿ ಗಂಟೆಗಟ್ಟಲೆ ರೇಡಿಯೊ ಹಾಕಿಕೊಂಡರೆ ಲಾಭ ಕಮ್ಮಿ. ಎರಡು ನಿಮಿಷದ ಧ್ವನಿ ತೆಗೆದುಕೊಂಡು, ಕೇಳಿದ್ದನ್ನು ಒಂದೊಂದು ಪದವೂ ಬಿಡದೆ ಬರೆಯಿರಿ. ಆಮೇಲೆ ಮೂಲ ಪಠ್ಯದ ಜೊತೆ ಹೋಲಿಸಿ. ತಪ್ಪಿದ ಜಾಗದಲ್ಲಿ ಆ ಪದ ಗೊತ್ತೇ ಇರಲಿಲ್ಲವೋ, ಗೊತ್ತಿದ್ದ ಪದವೇ ಪಕ್ಕದ ಪದಕ್ಕೆ ಅಂಟಿಕೊಂಡು ಗುರುತು ಸಿಗಲಿಲ್ಲವೋ ಎಂದು ನೋಡಿ. ಹೆಚ್ಚಿನ ತಪ್ಪುಗಳು ಎರಡನೆಯ ಬಗೆಯವೇ ಆಗಿರುತ್ತವೆ. ರೇಡಿಯೊ ಫ್ರಾನ್ಸ್ ಇಂಟರ್‌ನ್ಯಾಷನಲ್ ಕಲಿಯುವವರಿಗಾಗಿ ಸುಲಭ ಫ್ರೆಂಚ್‌ನಲ್ಲಿ ಸುದ್ದಿ ಓದುತ್ತದೆ, ಪಠ್ಯವನ್ನೂ ಕೊಡುತ್ತದೆ. ಶುರುಮಾಡಲು ಅದು ಒಳ್ಳೆಯ ಜಾಗ.

ನಿಘಂಟನ್ನೂ ಈ ಹಂತದಲ್ಲಿ ಬದಲಾಯಿಸಬೇಕು. ಫ್ರೆಂಚ್ ಪದಕ್ಕೆ ಫ್ರೆಂಚ್‌ನಲ್ಲೇ ಅರ್ಥ ಕೊಡುವ ನಿಘಂಟು ಬೇಕು. 1971ರಿಂದ 1994ರವರೆಗೆ 16 ಸಂಪುಟಗಳಲ್ಲಿ ಬಂದ 'ತ್ರೆಜ಼ೋರ್ ದ ಲಾ ಲಾಂಗ್ ಫ್ರಾಂಸೆಜ಼್' ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮೊದಮೊದಲು ಒಂದು ಪದ ಹುಡುಕಲು ಹೋಗಿ ಇನ್ನೂ ನಾಲ್ಕು ಗೊತ್ತಿಲ್ಲದ ಪದ ಎದುರಾಗುತ್ತವೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಆ ನಾಲ್ಕೂ ಅದೇ ವಿಷಯದ ಪದಗಳೇ ಆಗಿರುತ್ತವೆ.

ಭಾಷೆಯ ಹಿಂದೆ, ಫ್ರಾನ್ಸಿನ ಆಚೆ

ಭಾಷೆಯ ಇತಿಹಾಸದ ಪತ್ರಿಕೆ ಒಣ ವಿಷಯ ಎಂದು ಬಿಟ್ಟುಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. 842ರ ಸ್ಟ್ರಾಸ್‌ಬರ್ಗ್ ಪ್ರಮಾಣವಚನವನ್ನು ಫ್ರೆಂಚ್‌ನ ಅತಿ ಹಳೆಯ ಪಠ್ಯ ಎಂದು ಎಣಿಸುತ್ತಾರೆ. 1539ರಲ್ಲಿ ದೊರೆ ಮೊದಲನೇ ಫ್ರಾನ್ಸ್ವಾ ವಿಲ್ಲೆರ್ ಕೊತ್ತರೆಯಲ್ಲಿ ಹೊರಡಿಸಿದ ಆಜ್ಞೆಯಿಂದ ಕಾನೂನಿನ ಕಾಗದಪತ್ರಗಳು ಲ್ಯಾಟಿನ್ ಬಿಟ್ಟು ಫ್ರೆಂಚ್‌ಗೆ ಬಂದವು. ಭಾಷೆಯ ಮೇಲೆ ಕಣ್ಣಿಡುವ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿ ಹುಟ್ಟಿದ್ದು 1635ರಲ್ಲಿ, ಅದರ ಮೊದಲ ನಿಘಂಟು 1694ರಲ್ಲಿ. ಇದೆಲ್ಲ ಯಾಕೆ ಬೇಕು ಅಂದರೆ, ಕಾಗುಣಿತದ ಕಾಟಕ್ಕೆ ಕಾರಣ ಇಲ್ಲೇ ಸಿಗುತ್ತದೆ. ಆಸ್ಪತ್ರೆ, ಕಾಡು ಎಂಬ ಅರ್ಥದ 'ಓಪಿತಾಲ್', 'ಫೊರೆ' ಪದಗಳ ಸ್ವರದ ಮೇಲೆ ಟೋಪಿಯಂಥ ಒಂದು ಗುರುತಿದೆ. ಅಲ್ಲಿ ಹಿಂದೆ 'ಸ್' ಇತ್ತು. ಇಂಗ್ಲಿಷ್ ಆ ಪದಗಳನ್ನು ಹಳೆಯ ಫ್ರೆಂಚ್‌ನಿಂದ ಪಡೆದಾಗ 'ಸ್' ಇನ್ನೂ ಇದ್ದದ್ದರಿಂದ ನಾವು ಇವತ್ತಿಗೂ ಹಾಸ್ಪಿಟಲ್, ಫಾರೆಸ್ಟ್ ಎನ್ನುತ್ತೇವೆ. ಇದು ಗೊತ್ತಾದ ಮೇಲೆ ಆ ಗುರುತು ಎಲ್ಲಿ ಹಾಕಬೇಕು ಎಂದು ಎಷ್ಟೋ ಪದಗಳಲ್ಲಿ ಊಹಿಸಬಹುದು.

ಫ್ರೆಂಚ್ ಅಂದರೆ ಪ್ಯಾರಿಸ್ ಮಾತ್ರ ಎಂಬ ಕಲ್ಪನೆಯೂ ಇಲ್ಲಿ ಕರಗುತ್ತದೆ. ಫ್ರಾಂಕೋಫೋನಿ ಅಂತರರಾಷ್ಟ್ರೀಯ ಸಂಘಟನೆಯ 2022ರ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು 32 ಕೋಟಿ ಫ್ರೆಂಚ್ ಬಲ್ಲವರಿದ್ದಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಫ್ರಿಕಾದವರು. ಸೆನೆಗಲ್‌ನ ಮೊದಲ ಅಧ್ಯಕ್ಷ, ಕವಿ ಲೆಯೊಪೋಲ್ಡ್ ಸೆಂಘೋರ್ 1983ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. ಅಲ್ಜೀರಿಯಾದ ಲೇಖಕಿ ಆಸ್ಸಿಯಾ ಜೆಬಾರ್ 2005ರಲ್ಲಿ ಆಯ್ಕೆಯಾದರು. ಆಳಿದವರ ಭಾಷೆಯಲ್ಲಿ ಬರೆಯುವುದು ಅಂದರೆ ಏನು ಎಂಬ ಪ್ರಶ್ನೆ ಇಂಥವರ ಬರಹದಲ್ಲಿ ಬಿಡದೆ ಕಾಡುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ 1977ರ ಕಾಯ್ದೆ ಸರ್ಕಾರ, ಶಾಲೆ, ಕೆಲಸದ ಜಾಗಗಳಲ್ಲಿ ಫ್ರೆಂಚ್‌ಗೆ ಗಟ್ಟಿ ನೆಲೆ ಕೊಟ್ಟಿತು. ಬೆಲ್ಜಿಯಂನಲ್ಲಿ ಎಪ್ಪತ್ತಕ್ಕೆ 'ಸೆಪ್ತಾಂತ್' ಎನ್ನುತ್ತಾರೆ, ಫ್ರಾನ್ಸಿನಲ್ಲಿ 'ಅರವತ್ತು ಹತ್ತು' ಎಂದು ಕೂಡಿಸಿ ಹೇಳುತ್ತಾರೆ. ಯಾವುದು ಸರಿ ಎಂದು ಕೇಳುವವರು ಇನ್ನೂ ಶುರುವಿನ ತರಗತಿಯಲ್ಲೇ ಇದ್ದಾರೆ ಎಂದರ್ಥ.

ಪರೀಕ್ಷೆ ಮತ್ತು ಅಂಕ

ವಿಶ್ವವಿದ್ಯಾಲಯದ ಪದವಿಯ ಜೊತೆಗೆ, ಫ್ರೆಂಚ್ ಎಷ್ಟು ಬರುತ್ತದೆ ಎಂದು ಅಳೆದು ಪ್ರಮಾಣಪತ್ರ ಕೊಡುವ ಡೆಲ್ಫ್, ಡಾಲ್ಫ್ ಪರೀಕ್ಷೆಗಳ ಮಾತೂ ಬಂದೇ ಬರುತ್ತದೆ. ಡೆಲ್ಫ್ ಬಿ2ವರೆಗೆ, ಡಾಲ್ಫ್ ಸಿ1 ಮತ್ತು ಸಿ2ಗೆ. ಡೆಲ್ಫ್‌ನಲ್ಲಿ ನಾಲ್ಕು ಭಾಗ, ಒಂದೊಂದಕ್ಕೂ 25 ಅಂಕ. ಡೆಲ್ಫ್ ಬಿ2 ಪಾಸಾಗಲು ನೂರಕ್ಕೆ 50 ಬೇಕು, ಯಾವ ಭಾಗದಲ್ಲೂ 5ಕ್ಕಿಂತ ಕಮ್ಮಿ ಬರಬಾರದು. ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ. ಫ್ರಾನ್ಸಿನಲ್ಲಿ ಫ್ರೆಂಚ್ ಮಾಧ್ಯಮದ ಪದವಿಗೆ ಸೇರಲು ಹಲವು ಕಡೆ ಬಿ2 ಕೇಳುತ್ತಾರೆ. ಡಾಲ್ಫ್ ಸಿ1ರಲ್ಲಿ ಹಲವು ಬರಹಗಳನ್ನು ಓದಿ ಒಂದು 'ಸ್ಯಾಂತೆಜ಼್' ಬರೆಯಬೇಕು. ಅದರಲ್ಲಿ ನಿಮ್ಮ ಅಭಿಪ್ರಾಯ ಒಂದು ಸಾಲೂ ಇರಬಾರದು, ಮೂಲದ ವಾಕ್ಯಗಳನ್ನು ನಕಲು ಮಾಡಲೂ ಬಾರದು. ವಾದಿಸುವುದನ್ನು ಕಷ್ಟಪಟ್ಟು ಕಲಿತವರು ಇಲ್ಲಿ ಬಾಯಿ ಮುಚ್ಚಿಕೊಂಡು ಬೇರೆಯವರ ವಾದವನ್ನು ಜೋಡಿಸಬೇಕು. ಇದಕ್ಕೆ ಬೇರೆಯೇ ತಯಾರಿ ಬೇಕು.

ಒಂದು ವರ್ಷವನ್ನೋ ಆರು ತಿಂಗಳನ್ನೋ ಫ್ರಾನ್ಸಿನಲ್ಲಿ ಓದುವ ಅವಕಾಶ ಸಿಕ್ಕರೆ ಎರಡು ವಿಷಯ ತಿಳಿದುಕೊಂಡು ಹೋಗಿ. ದೊಡ್ಡ ಸಭಾಂಗಣದ ಉಪನ್ಯಾಸಕ್ಕೆ 'ಕೂರ್ ಮಾಜಿಸ್ತ್ರಾಲ್' ಎನ್ನುತ್ತಾರೆ. ಅಲ್ಲಿ ಪ್ರಾಧ್ಯಾಪಕರು ಹೇಳುತ್ತಾ ಹೋಗುತ್ತಾರೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಪ್ರಶ್ನೆ ಕೇಳುವ ರೂಢಿ ಕಮ್ಮಿ. ಪ್ರಶ್ನೆ, ಚರ್ಚೆ, ಅಭ್ಯಾಸ ನಡೆಯುವುದು 'ತ್ರಾವೋ ದಿರಿಜೆ' ಎಂಬ ಸಣ್ಣ ಗುಂಪಿನ ತರಗತಿಗಳಲ್ಲಿ. ನಿಮ್ಮ ಫ್ರೆಂಚ್ ಬೆಳೆಯುವುದು ಅಲ್ಲೇ, ಅದನ್ನು ತಪ್ಪಿಸಬೇಡಿ. ಅಂಕ ಕೊಡುವುದು 20ಕ್ಕೆ. 10 ಬಂದರೆ ಪಾಸು, 12ಕ್ಕೆ 'ಪರವಾಗಿಲ್ಲ, ಚೆನ್ನಾಗಿದೆ', 14ಕ್ಕೆ 'ಚೆನ್ನಾಗಿದೆ', 16ಕ್ಕೆ 'ತುಂಬಾ ಚೆನ್ನಾಗಿದೆ' ಎಂಬ ದರ್ಜೆ. 20ಕ್ಕೆ 20 ಬರುವುದು ಸಾಹಿತ್ಯದ ಪ್ರಬಂಧದಲ್ಲಿ ಬಹಳ ಅಪರೂಪ. ಮೊದಲ ಪ್ರಬಂಧಕ್ಕೆ 11 ಬಂದರೆ ಅದನ್ನು ನೂರಕ್ಕೆ 55 ಎಂದು ಲೆಕ್ಕ ಹಾಕಿ ಕುಗ್ಗಬೇಡಿ. ಪಕ್ಕದಲ್ಲಿ ಬರೆದಿರುವ ಟಿಪ್ಪಣಿಗಳನ್ನು ಓದಿ. ಅಲ್ಲಿ ವ್ಯಾಕರಣದ ತಿದ್ದುಪಡಿಗಿಂತ "ಯಾಕೆ?", "ಆಧಾರ ಎಲ್ಲಿ?", "ಇದರಿಂದ ಏನಾಯಿತು?" ಎಂಬ ಪ್ರಶ್ನೆಗಳು ಜಾಸ್ತಿ ಇದ್ದರೆ, ಮುಂದಿನ ಪ್ರಬಂಧದಲ್ಲಿ ಎಲ್ಲಿ ಕೆಲಸ ಮಾಡಬೇಕು ಎಂಬುದು ಅಲ್ಲೇ ಬರೆದಿರುತ್ತದೆ.